ಉಸಿರು ಹಿಡಕೋರಿ, ಅಲ್ಲಾಡಬ್ಯಾಡ್ರಿ

ಮೊನ್ನೆ ಮೊಣಕಾಲು ನೋವು ಅಂತ ನಮ್ಮ ನಿಗಡಿಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಎಕ್ಸ್-ರೇ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತು ನನ್ನ ಸರದಿ ಕಾಯ್ತಾ ಇದ್ದೆ. ಪಕ್ಕದಲ್ಲಿ ಕಲಬುರಗಿ ಕಡೆಯ ಒಬ್ಬ ಮುದುಕಿ, ಜೊತೆಗೆ ಕಟ್ಟಡದ ಕೆಲಸಕ್ಕೆ ಬಂದ ಮಗ. ಅಜ್ಜಿಯನ್ನು ಒಳಗೆ ಕರೆದರು. ಎರಡೇ ನಿಮಿಷಕ್ಕೆ ಟೆಕ್ನಿಷಿಯನ್ ಹುಡುಗಿ ಹೊರಗೆ ಬಂದು ಮರಾಠಿಯಲ್ಲಿ, "ಇವರಿಗೆ ನನ್ನ ಮಾತು ತಿಳೀತಿಲ್ಲ, ಕನ್ನಡ ಯಾರಿಗೆ ಬರುತ್ತೆ?" ಅಂದಳು. ನಾನು ಬಾಗಿಲ ಹತ್ತಿರ ನಿಂತು ಕೂಗಿದೆ: "ಅವ್ವಾ, ಜೋರಾಗಿ ಉಸಿರು ಎಳಕೊಂಡು ಹಿಡಕೋರಿ, ಅಲ್ಲಾಡಬ್ಯಾಡ್ರಿ!" ಬಾಗಿಲು ಮುಚ್ಚಿತು, ಮೇಲಿನ ಕೆಂಪು ದೀಪ ಹತ್ತಿತು, ಮುಗೀತು.

ಅಷ್ಟೇ. ಆದರೆ ಆ ಒಂದು ವಾಕ್ಯ ಹೇಳೋದಕ್ಕೆ ನಾನು ನಲವತ್ತು ವರ್ಷ ತಡ ಮಾಡಿದ್ದೆ.

1983ರ ಮಾತು. ನಾನಾಗ ಪಿಂಪರಿ ಕಡೆಯ ಕಾರ್ಖಾನೆಯಲ್ಲಿ ಹೊಸಬ. ಪ್ರಾಧಿಕರಣದ ಪ್ಲಾಟುಗಳಲ್ಲಿ ಇನ್ನೂ ಹುಲ್ಲು ಬೆಳೀತಿತ್ತು. ಊರಿಂದ ಅವ್ವ ಬಂದಿದ್ದಳು, ಜೊತೆಗೆ ಬಿಡದ ಕೆಮ್ಮು. ಒಂದು ಆಸ್ಪತ್ರೆಗೆ ಕರಕೊಂಡು ಹೋದೆ. ನಾನು ದುಡ್ಡು ಕಟ್ಟೋಕೆ ಕೌಂಟರಿನ ಸಾಲಿನಲ್ಲಿ ನಿಂತಾಗ ಅವಳನ್ನು ಒಳಗೆ ಕರೆದುಬಿಟ್ಟರು. ತಾಳಿ ತೆಗೀರಿ ಅಂತ ಕೈ ಸನ್ನೆ ಮಾಡಿದರಂತೆ. ಅಪ್ಪ ಬದುಕಿದ್ದಾನೆ, ತಾಳಿ ಯಾಕೆ ತೆಗೀಬೇಕು? ಅವ್ವ ಅಲ್ಲೇ ಅರ್ಧ ಸತ್ತಳು. ಆಮೇಲೆ ಆತ "ಹಲೂ ನಕಾ" ಅಂದ. ಅಲ್ಲಾಡಬೇಡಿ ಅಂತ ಅರ್ಥ. ಅವ್ವನಿಗೆ ಕೇಳಿಸಿದ್ದು "ಹಲ್ಲು". ಪಾಪ, ತಿರುಗಿ ಬಾಯಿ ತೆರೆದು ಹಲ್ಲು ತೋರಿಸಿದಳು! ಕೊನೆಗೆ "ಸೋಡಾ" ಅಂದ, ಉಸಿರು ಬಿಡಿ ಅಂತ. ಹೊರಗೆ ಬಂದು ನನ್ನ ಕೇಳಿದಳು, "ಸೋಡಾ ಕುಡೀಬೇಕಂತೇನೋ?"

ಆಗ ನಕ್ಕೆ. ಆದರೆ ಫಿಲಂ ಮಸುಕಾಗಿತ್ತು. "ಏನೂ ಕಾಣ್ತಿಲ್ಲ, ಆಮೇಲೆ ನೋಡೋಣ" ಅಂತ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದರು. ನಾನೂ ಸುಮ್ಮನಾದೆ. ಎರಡು ತಿಂಗಳ ನಂತರ ಇನ್ನೊಂದು ಕಡೆ ತೆಗೆಸಿದಾಗ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಮೋಡ ಕಟ್ಟಿದಂಥ ನೆರಳು. ಕ್ಷಯ.

ಅವತ್ತಿನಿಂದ ಈ ಎಕ್ಸ್-ರೇ ಅನ್ನೋದರ ಕಥೆ ಹುಡುಕಿ ಓದೋದು ನನ್ನ ಚಟ. ಸ್ವಲ್ಪ ಹೇಳ್ತೀನಿ ಕೇಳಿ.

1895ರ ನವೆಂಬರ್ 8. ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ವಿಲ್ಹೆಲ್ಮ್ ರಾಂಟ್ಜನ್ ಕತ್ತಲೆ ಕೋಣೆಯಲ್ಲಿ ಪ್ರಯೋಗ ಮಾಡುತ್ತಿದ್ದಾಗ, ಕಪ್ಪು ಕಾಗದದಿಂದ ಮುಚ್ಚಿದ ಕೊಳವೆಯಿಂದ ಏನೋ ಹೊರಬಂದು ದೂರದ ಪರದೆ ಹೊಳೆಯಿತು. ಏನು ಅಂತ ಗೊತ್ತಿಲ್ಲ, ಅದಕ್ಕೆ "ಎಕ್ಸ್" ಅಂತ ಹೆಸರಿಟ್ಟ. ಡಿಸೆಂಬರ್ 22ರಂದು ಹೆಂಡತಿ ಬರ್ಥಾಳ ಕೈಯ ಚಿತ್ರ ತೆಗೆದ. ಆ ಚಿತ್ರದಲ್ಲಿ ಎಲುಬಿನ ಬೆರಳಿನ ಮೇಲೆ ಕಪ್ಪಗೆ ಎದ್ದು ಕಾಣೋದು ಏನು ಗೊತ್ತೇ? ಅವಳ ಉಂಗುರ! ಲೋಹ ಕಿರಣವನ್ನು ತಡೆಯುತ್ತದೆ, ಹಿಂದಿರುವುದನ್ನು ಮರೆ ಮಾಡುತ್ತದೆ. ಅವ್ವನ ತಾಳಿ ತೆಗೆಸಿದ್ದೂ ಇದಕ್ಕೇ. ಆ ಮಾತನ್ನು ಯಾರಾದರೂ ಅವಳಿಗೆ ಹೇಳಿದ್ದರೆ... ರಾಂಟ್ಜನ್ ತನ್ನ ಶೋಧಕ್ಕೆ ಪೇಟೆಂಟ್ ತಗೊಳ್ಳಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದಾಗ ಆ ಹಣವನ್ನು ತನ್ನ ವಿಶ್ವವಿದ್ಯಾಲಯಕ್ಕೇ ಕೊಟ್ಟ.

ಎರಡೇ ವರ್ಷದಲ್ಲಿ ಯಂತ್ರ ನಮ್ಮ ದೇಶಕ್ಕೂ ಬಂತು, ಆದರೆ ಬಡವರ ಕೆಮ್ಮಿಗಲ್ಲ. 1897-98ರ ತಿರಾ ಯುದ್ಧದಲ್ಲಿ ಬೀವರ್ ಎಂಬ ಬ್ರಿಟಿಷ್ ಸೇನಾ ವೈದ್ಯ ವಾಯವ್ಯ ಗಡಿಯ ಗುಡ್ಡಗಳಿಗೆ ಅದನ್ನು ಹೊತ್ತೊಯ್ದು ಸೈನಿಕರ ಮೈಯಲ್ಲಿದ್ದ ಗುಂಡು ಹುಡುಕಿದ.

ಆ ಕಾಲದವರಿಗೆ ಇದರ ಅಪಾಯ ಗೊತ್ತಿರಲಿಲ್ಲ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ದಿನಾ ತನ್ನ ಕೈಯನ್ನೇ ಕಿರಣಕ್ಕೆ ಹಿಡಿದು ಯಂತ್ರ ಪರೀಕ್ಷಿಸುತ್ತಿದ್ದ. ಕೈಗಳಿಗೆ ಕ್ಯಾನ್ಸರ್ ಹತ್ತಿ 1904ರಲ್ಲಿ ತೀರಿಕೊಂಡ. ಹೀಗೆ ಪ್ರಾಣ ಕೊಟ್ಟವರಿಗಾಗಿ 1936ರಲ್ಲಿ ಹ್ಯಾಂಬರ್ಗಿನ ಆಸ್ಪತ್ರೆಯೊಂದರ ಆವರಣದಲ್ಲಿ ಸ್ಮಾರಕ ನಿಲ್ಲಿಸಿದರು, ನೂರಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಇವತ್ತು ಟೆಕ್ನಿಷಿಯನ್ ನಮ್ಮನ್ನು ಒಂಟಿಯಾಗಿ ಬಿಟ್ಟು ಸೀಸದ ಗೋಡೆಯ ಹಿಂದೆ ಓಡೋದು ಈ ಪಾಠದಿಂದ. ನಮಗೆ ಕೇಡು ಅಂತಲ್ಲ. ನಾವು ವರ್ಷಕ್ಕೊಮ್ಮೆ ಬರ್ತೀವಿ, ಆಕೆ ದಿನಕ್ಕೆ ಐವತ್ತು ತೆಗೀತಾಳೆ. ಎದೆಯ ಒಂದು ಎಕ್ಸ್-ರೇಯಿಂದ ಸಿಗುವ ವಿಕಿರಣ, ನೆಲ ಮತ್ತು ಆಕಾಶದಿಂದ ನಮಗೆ ಕೆಲವೇ ದಿನಗಳಲ್ಲಿ ತಾನಾಗಿ ಸಿಗುವಷ್ಟು ಮಾತ್ರ. ಕಿರಣ ಮೈಯಲ್ಲಿ ಉಳಿಯೋದೂ ಇಲ್ಲ. ಆದರೆ ಬಸುರಿ ಇದ್ದರೆ, ಅಥವಾ ಇರಬಹುದು ಅನ್ನಿಸಿದರೆ, ನಾಚಿಕೆ ಬಿಟ್ಟು ಮೊದಲೇ ಹೇಳಬೇಕು.

ಕ್ಷಯದ ಕಥೆಗೆ ಬಂದರೆ ಅದು ನಮ್ಮ ಕರ್ನಾಟಕದ್ದೇ. 1960ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದರು. 1960-61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಎಕ್ಸ್-ರೇ ಯಂತ್ರ ಒಯ್ದು, ಸಣ್ಣ ಫಿಲಂನಲ್ಲಿ ಜನರ ಎದೆಯ ಚಿತ್ರ ತೆಗೆದರು. ಹೀಗೆ ಸಿಕ್ಕ ರೋಗಿಗಳನ್ನು ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ಮಾತಾಡಿಸಿದರು. 1963ರಲ್ಲಿ ಅವರು ಪ್ರಕಟಿಸಿದ ವಿಷಯ ಎಲ್ಲರ ಕಣ್ಣು ತೆರೆಸಿತು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ನಾವೇ ಹೋಗಿ ಹುಡುಕಬೇಕು ಅಂತ ದೊಡ್ಡವರು ತಿಳಿದಿದ್ದರು. ನೋಡಿದರೆ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ತಾವಾಗಿ ದವಾಖಾನೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ್ದರು! ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅವ್ವ.

ಹಾಗಾಗಿ ಕೆಮ್ಮು ಅಂತ ಬಂದವರ ಕಫವನ್ನು ಹತ್ತಿರದ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡೋದೇ ಮುಖ್ಯ ಅಂತಾಯಿತು. ಎಕ್ಸ್-ರೇ ಜಿಲ್ಲಾ ಕೇಂದ್ರಕ್ಕೆ ಸರಿಯಿತು. ದುಡ್ಡಿಲ್ಲದ ದೇಶಕ್ಕೆ ಅದು ಜಾಣ ದಾರಿಯೇ. ಆದರೆ 2019-21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಎಕ್ಸ್-ರೇ ತೆಗೆಯದೇ ಇದ್ದಿದ್ದರೆ ಶೇಕಡಾ 40ಕ್ಕೂ ಹೆಚ್ಚು ರೋಗಿಗಳು ತಪ್ಪಿಹೋಗುತ್ತಿದ್ದರು ಅಂತ ಗೊತ್ತಾಯಿತು. ಅವರಿಗೆ ಹೇಳಿಕೊಳ್ಳುವಂಥ ಲಕ್ಷಣವೇ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಶುರುವಾದ ನೂರು ದಿನಗಳ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಮತ್ತೆ ಹಳ್ಳಿಗಳಿಗೆ ಹೊರಟಿತು. ಅರವತ್ತು ವರ್ಷಕ್ಕೆ ಚಕ್ರ ಒಂದು ಸುತ್ತು ಬಂತು ನೋಡಿ.

ಅವ್ವ ಉಳಿದಳು. ಒಂದೂವರೆ ವರ್ಷ ಮಾತ್ರೆ ನುಂಗಿದಳು, ಮೊದಲ ಎರಡು ತಿಂಗಳು ಸ್ಟ್ರೆಪ್ಟೋಮೈಸಿನ್ ಸೂಜಿ. ನಮ್ಮ ಮನೆಯಿಂದ ಕೆಲವೇ ಮೈಲಿ ದೂರದ ಪಿಂಪರಿಯಲ್ಲಿ, 1954ರಲ್ಲಿ ಹುಟ್ಟಿದ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ಮೊದಲು ಪೆನಿಸಿಲಿನ್, ಆಮೇಲೆ ಸ್ಟ್ರೆಪ್ಟೋಮೈಸಿನ್ ಕೂಡ ತಯಾರಿಸಿತ್ತು. ಔಷಧ ಇಷ್ಟು ಹತ್ತಿರ ಇತ್ತು, ಮಾತು ಮಾತ್ರ ದೂರ ಇತ್ತು.

ಅದಕ್ಕೇ ಹೇಳೋದು, ನಿಮ್ಮ ಮನೆಯ ಹಿರಿಯರನ್ನು ಎಕ್ಸ್-ರೇಗೆ ಕಳಿಸುವ ಮುಂಚೆ ಬೆಂಚಿನ ಮೇಲೆ ಕೂತೇ ನಾಲ್ಕು ಮಾತು ಹೇಳಿಕೊಡಿ. ಲೋಹ ಇದ್ದರೆ ತೆಗೆಸ್ತಾರೆ, ಐದು ನಿಮಿಷಕ್ಕೆ ಮತ್ತೆ ಹಾಕ್ಕೋಬಹುದು. ಎದೆಯನ್ನು ಹಲಗೆಗೆ ಆನಿಸಿ, ಭುಜ ಮುಂದಕ್ಕೆ ತಗೊಂಡು ನಿಲ್ಲಬೇಕು, ಹಾಗೆ ಮಾಡಿದರೆ ಬೆನ್ನಿನ ರೆಕ್ಕೆ ಎಲುಬು ಪಕ್ಕಕ್ಕೆ ಸರಿಯುತ್ತೆ. ಉಸಿರು ತುಂಬಿಕೊಂಡರೆ ಶ್ವಾಸಕೋಶ ಅರಳಿ ಪೂರ್ತಿ ಕಾಣುತ್ತೆ. ಅಲ್ಲಾಡಿದರೆ ಚಿತ್ರ ಮಸುಕು. ನೋವೇನೂ ಇಲ್ಲ. ಹಳೇ ಫಿಲಂ ಇದ್ದರೆ ಎಸೀಬೇಡಿ, ಹೊಸದರ ಜೊತೆ ಹೋಲಿಸೋಕೆ ಡಾಕ್ಟರಿಗೆ ಬೇಕಾಗುತ್ತೆ.

ಮೊನ್ನೆಯ ಅಜ್ಜಿ ಹೊರಗೆ ಬಂದು ಸೆರಗು ಸರಿ ಮಾಡಿಕೊಳ್ತಾ, "ಇಷ್ಟ ಏನಪ್ಪಾ? ನಾ ಭಾಳ ಅಂಜಿದ್ನಿ" ಅಂದಳು. ಇಷ್ಟೇ ಅವ್ವಾ, ಅಂದೆ. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.