ಗರ್ಭಸ್ಥ ಶಿಶುವಿನ ಮಿದುಳು ಮತ್ತು ಮಾದಕವಸ್ತು: ಒಂದು ಸಂಶೋಧನೆಯ ಚರಿತ್ರೆ

ತಾಯಿಯ ಕುಡಿತವು ಹೊಟ್ಟೆಯೊಳಗಿನ ಮಗುವಿನ ಮಿದುಳನ್ನು ಕೆಡಿಸುತ್ತದೆಂಬ ತಿಳಿವಳಿಕೆ ನೇರ ದಾರಿಯಲ್ಲಿ ಬೆಳೆದು ಬಂದದ್ದಲ್ಲ. ಕಂಡದ್ದನ್ನು ಮರೆತು, ಮರೆತದ್ದನ್ನು ಮತ್ತೆ ಕಂಡ ಚರಿತ್ರೆ ಅದರದು. ಅಗ್ಗದ ಜಿನ್ ಲಂಡನ್ನಿನ ಬೀದಿಗಳನ್ನು ತುಂಬಿಕೊಂಡಿದ್ದ 18ನೆಯ ಶತಮಾನದ ಪೂರ್ವಾರ್ಧದಲ್ಲೇ ಅಲ್ಲಿನ ವೈದ್ಯರ ಸಂಘವು, ಈ ಚಟದಿಂದ ದುರ್ಬಲ ಮಕ್ಕಳು ಹುಟ್ಟುತ್ತಿವೆಯೆಂದು ಪಾರ್ಲಿಮೆಂಟಿಗೆ ಅರಿಕೆ ಮಾಡಿತ್ತು. ಆ ಮಾತಿಗೆ ಲೆಕ್ಕದ ಬಲ ದೊರೆತದ್ದು 1899ರಲ್ಲಿ, ಅದೂ ಸೆರೆಮನೆಯೊಂದರಲ್ಲಿ.

ಲಿವರ್‌ಪೂಲ್ ಸೆರೆಮನೆಯ ವೈದ್ಯ ವಿಲಿಯಂ ಸಲಿವನ್, ಕುಡಿತಕ್ಕೆ ಬಿದ್ದ 120 ಮಹಿಳಾ ಕೈದಿಗಳ 600 ಮಕ್ಕಳ ಲೆಕ್ಕ ತೆಗೆದಾಗ, ಅವರಲ್ಲಿ 335 ಮಕ್ಕಳು ಸತ್ತೇ ಹುಟ್ಟಿದ್ದವು ಇಲ್ಲವೇ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು; ಅದೇ ಹೆಂಗಸರ ಕುಡಿಯದ ಬಂಧುಗಳಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಕಡಿಮೆಯಿತ್ತು. ಬಸುರಿಯಾಗಿದ್ದಾಗ ಸೆರೆವಾಸದಿಂದಾಗಿ ಮದ್ಯ ಸಿಗದೆ ಹೋದ ತಾಯಂದಿರ ಆ ಹೆರಿಗೆಯ ಮಗು ಆರೋಗ್ಯವಾಗಿ ಉಳಿದ ನಿದರ್ಶನಗಳನ್ನೂ ಆತ ಗುರುತಿಸಿದ್ದು ಇನ್ನೂ ಮಹತ್ವದ್ದು, ಏಕೆಂದರೆ ದೋಷವಿರುವುದು ತಾಯಿಯ ವಂಶದಲ್ಲಲ್ಲ, ಆಕೆಯ ರಕ್ತದಲ್ಲಿ ಹರಿಯುವ ಮದ್ಯದಲ್ಲಿ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿರಲಿಲ್ಲ.

ಆದರೂ ಅದು ಮೂಲೆಗೆ ಸರಿಯಿತು. 1910ರಲ್ಲಿ ಎಥೆಲ್ ಎಲ್ಡರ್ಟನ್ ಮತ್ತು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್, ಹೆತ್ತವರ ಕುಡಿತಕ್ಕೂ ಮಕ್ಕಳ ಬುದ್ಧಿಗೂ ಗಣನೀಯ ಸಂಬಂಧವಿಲ್ಲವೆಂದರು. ಅಮೆರಿಕದ ಪಾನನಿಷೇಧವು 1933ರಲ್ಲಿ ಮುರಿದುಬಿದ್ದ ಮೇಲಂತೂ ಇಂಥ ಎಚ್ಚರಿಕೆಗಳೆಲ್ಲ ನೀತಿಬೋಧಕರ ಹಳೆಯ ರಾಗವೆನಿಸಿದವು. 1960ರ ದಶಕದಲ್ಲಿ ಅವಧಿಗೆ ಮುನ್ನ ಕಾಣಿಸಿಕೊಂಡ ಹೆರಿಗೆನೋವನ್ನು ತಡೆಯಲೆಂದು ಗರ್ಭಿಣಿಯರ ರಕ್ತನಾಳಕ್ಕೆ ಮದ್ಯಸಾರವನ್ನೇ ಡ್ರಿಪ್ ಹಾಕುವ ಚಿಕಿತ್ಸೆ ರೂಢಿಗೆ ಬಂದಿತ್ತೆಂಬುದು ಈ ಮರೆವಿನ ಆಳವನ್ನು ತೋರಿಸುತ್ತದೆ.

ಅದೇ ದಶಕದ ಕೊನೆಗೆ, 1968ರಲ್ಲಿ, ಫ್ರಾನ್ಸಿನ ನಾಂಟ್ ನಗರದ ಪಾಲ್ ಲೆಮ್ವಾನ್ ಮತ್ತು ಸಂಗಡಿಗರು ಕುಡುಕ ಹೆತ್ತವರ 127 ಮಕ್ಕಳನ್ನು ವರ್ಣಿಸಿದ ಪ್ರಬಂಧ ಫ್ರೆಂಚ್ ಪತ್ರಿಕೆಯಲ್ಲೇ ಉಳಿದುಹೋಯಿತು. 1973ರಲ್ಲಿ ಸಿಯಾಟಲ್‌ನ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಮೊದಲಾದವರು ಕೇವಲ 8 ಮಕ್ಕಳನ್ನು ಆಧರಿಸಿ 'ಲ್ಯಾನ್ಸೆಟ್'ನಲ್ಲಿ ಬರೆದು, ಈ ಲಕ್ಷಣಗಳ ಗುಂಪಿಗೆ 'ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್' ಎಂಬ ಹೆಸರು ಕೊಟ್ಟ ಮೇಲೆಯೇ ಲೋಕ ಕಣ್ತೆರೆಯಿತು. ಕಿರಿದಾದ ಕಣ್ಣಿನ ಸೀಳು, ತೆಳುವಾದ ಮೇಲ್ದುಟಿ, ಮೂಗು-ತುಟಿಗಳ ನಡುವಿನ ಗೀರು ಅಳಿಸಿದಂತಿರುವ ಮುಖ ಇದರ ಹೊರಗುರುತು. ಮುಖದಲ್ಲಿ ಏನೂ ತೋರದೆ, ಗಮನ, ನೆನಪು ಮತ್ತು ದುಡುಕನ್ನು ತಡೆಯುವ ಶಕ್ತಿ ಮಾತ್ರ ಕುಂದಿರುವ ಮಕ್ಕಳ ಸಂಖ್ಯೆಯೇ ದೊಡ್ಡದೆಂಬುದು ನಿಧಾನವಾಗಿ ತಿಳಿಯಿತು. ಮದ್ಯಸಾರವು ಮಾಸನ್ನು, ಅಂದರೆ ತಾಯಿ-ಮಗುವನ್ನು ಬೆಸೆಯುವ ಅಂಗವನ್ನು, ಸಲೀಸಾಗಿ ದಾಟಿ, ನರಕೋಶಗಳು ತಂತಮ್ಮ ನೆಲೆಗೆ ಸಾಗುವ ದಾರಿಯನ್ನು ತಪ್ಪಿಸುತ್ತದೆ. ಮಿದುಳಿನ ಎಡಬಲ ಭಾಗಗಳನ್ನು ಜೋಡಿಸುವ ನರತಂತುಗಳ ಪಟ್ಟಿ, ಕಾರ್ಪಸ್ ಕಲೋಸಮ್, ಕೆಲವರಲ್ಲಿ ಮೂಡುವುದೇ ಇಲ್ಲ.

ಕೊಕೇನ್‌ನ ಕಥೆ ಇದಕ್ಕೆ ತಿರುವುಮುರುವು. 1985ರಲ್ಲಿ ಐರಾ ಚಾಸ್ನಾಫ್ 23 ಗರ್ಭಿಣಿಯರ ಮೇಲೆ ನಡೆಸಿದ ಅಧ್ಯಯನವನ್ನು ಹಿಡಿದು ಅಮೆರಿಕದ ಪತ್ರಿಕೆಗಳು, ಮುಖ್ಯವಾಗಿ ಕರಿಯರ ಬಡ ಕೇರಿಗಳಲ್ಲಿ, ಒಂದು ಪೀಳಿಗೆಯೇ ಹಾಳಾಗಿ ಹುಟ್ಟುತ್ತಿದೆಯೆಂದು ಹುಯಿಲೆಬ್ಬಿಸಿದವು, ತಾಯಂದಿರ ಮೇಲೆ ಮೊಕದ್ದಮೆಗಳೂ ನಡೆದವು. ಮಾನ್ಯವಾದ ಮಾದಕದ ಹಾನಿಯನ್ನು ನಂಬಲು ತಲೆಮಾರುಗಳೇ ಬೇಕಾದವು. ನಿಷಿದ್ಧವಾದುದಕ್ಕೆ ಪುರಾವೆಯ ಅಗತ್ಯವೇ ಬೀಳಲಿಲ್ಲ. 2001ರಲ್ಲಿ ಡೆಬೊರಾ ಫ್ರಾಂಕ್ ಮತ್ತು ಸಹಲೇಖಕರು 36 ಅಧ್ಯಯನಗಳನ್ನು ಪರಿಶೀಲಿಸಿ, ತಂಬಾಕು, ಮದ್ಯ ಮತ್ತು ಮನೆಯ ಪರಿಸರವನ್ನು ಲೆಕ್ಕದಿಂದ ಕಳೆದಾಗ ಆರು ವರ್ಷದೊಳಗಿನ ಮಕ್ಕಳಲ್ಲಿ ಕೊಕೇನ್‌ನದೇ ಎನ್ನಬಹುದಾದ ಸ್ಥಿರವಾದ ಹಾನಿ ಕಾಣುವುದಿಲ್ಲವೆಂದರು. ಫಿಲಡೆಲ್ಫಿಯಾದಲ್ಲಿ ಹ್ಯಾಲಂ ಹರ್ಟ್ ನಾಲ್ಕನೆಯ ವಯಸ್ಸಿನಲ್ಲಿ ಅಳೆದ ಬುದ್ಧಿಮಟ್ಟದ ಸರಾಸರಿ, ಕೊಕೇನ್ ಸೋಂಕಿದ ಮಕ್ಕಳಲ್ಲಿ 79.0, ಸೋಂಕದವರಲ್ಲಿ 81.9 ಇತ್ತು: ಎರಡೂ ಗುಂಪುಗಳು ಅದೇ ಬಡ ಕೇರಿಗಳಿಂದ ಬಂದಿದ್ದವು, ಏಳು ವರ್ಷವಾಗುವಷ್ಟರಲ್ಲಿ ಅವುಗಳ ಬಹುಪಾಲು ಮಕ್ಕಳು ಗುಂಡಿನ ಸದ್ದು ಕೇಳಿದ್ದರು.