‘ಬಾಯ್ಕಾಟ್’ ಎಂಬ ಮಾತಿನ ಹುಟ್ಟು

ಪರೀಕ್ಷೆಯನ್ನು ಮುಂದಕ್ಕೆ ಹಾಕಬೇಕೆಂದು ನಮ್ಮ ಕಾಲೇಜಿನ ಹುಡುಗರು ಒಂದು ದಿನ ತರಗತಿಗೆ ಬರಲಿಲ್ಲ. ಕೊಠಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಬಾಯ್ಕಾಟ್’ ಎಂದು ದೊಡ್ಡದಾಗಿ ಬರೆದಿತ್ತು. ಅದನ್ನು ಕಂಡ ಹಿರಿಯ ಸಹೋದ್ಯೋಗಿಯೊಬ್ಬರು, “ಬಾಯ್ ಎಂದರೆ ಹುಡುಗ, ಅವನ ಕಾಟವೇ ಬಾಯ್ಕಾಟ್” ಎಂದು ನಿರುಕ್ತಿ ಹೇಳಿದರು. ಎಲ್ಲರೂ ನಕ್ಕೆವು. ಆದರೆ ಈ ಮಾತಿನ ನಿಜವಾದ ನಿರುಕ್ತಿ ಇದಕ್ಕಿಂತಲೂ ಸೋಜಿಗದ್ದು. ಅದರಲ್ಲಿ ಹುಡುಗನಿಲ್ಲ, ಕಾಟವೇನೋ ಉಂಟು. ಯಾರು ಯಾರಿಗೆ ಕೊಟ್ಟ ಕಾಟ ಎಂಬುದೇ ವಿಚಾರ.

ಬಾಯ್ಕಾಟ್ ಎಂಬುದು ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ 1832ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು. ಕೆಲಕಾಲ ಸೈನ್ಯದಲ್ಲಿದ್ದು, ಮುಂದೆ ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ, ಮಾಸ್ಕ್ ಸರೋವರದ ದಂಡೆಯ ಮೇಲೆ, ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಪಾರುಪತ್ಯಗಾರನಾದನು. ಆಗಿನ ಐರ್ಲೆಂಡಿನಲ್ಲಿ ನೆಲದ ಒಡೆತನವೆಲ್ಲ ಕೆಲವೇ ಜಮೀನ್ದಾರರದು, ಉಳುವವರು ಗೇಣಿದಾರರು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಮೊದಲಾದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತಿದ್ದರು. 1879ರಲ್ಲಿ ಬೆಳೆ ಮತ್ತೆ ಕೆಟ್ಟಿತು. ಹಳೆಯ ಭಯ ಮರಳಿತು. ಅದೇ ವರ್ಷ ಮೈಕೇಲ್ ಡೇವಿಟ್ ಮೊದಲಾದವರು ‘ಲ್ಯಾಂಡ್ ಲೀಗ್’ ಎಂಬ ರೈತಸಂಘವನ್ನು ಕಟ್ಟಿದರು. ಪಾರ್ನೆಲ್ ಅದರ ಅಧ್ಯಕ್ಷನಾದನು.

1880ರ ಸೆಪ್ಟೆಂಬರ್ 19ರಂದು ಎನ್ನಿಸ್ ಎಂಬ ಊರಿನ ಸಭೆಯಲ್ಲಿ ಪಾರ್ನೆಲ್ ಒಂದು ಪ್ರಶ್ನೆ ಹಾಕಿದನು: ಒಬ್ಬ ರೈತನನ್ನು ಒಕ್ಕಲೆಬ್ಬಿಸಿದ ಹೊಲವನ್ನು ಇನ್ನೊಬ್ಬನು ಗೇಣಿಗೆ ಹಿಡಿದರೆ ಅವನನ್ನು ಏನು ಮಾಡಬೇಕು? ಗುಂಡು ಹಾಕಿ ಎಂದು ಜನ ಕೂಗಿದರು. ಪಾರ್ನೆಲ್ ಒಪ್ಪಲಿಲ್ಲ. ದಾರಿಯಲ್ಲಿ, ಅಂಗಡಿಯಲ್ಲಿ, ಸಂತೆಯಲ್ಲಿ, ದೇವರ ಗುಡಿಯಲ್ಲಿ ಕೂಡ ಅವನನ್ನು ದೂರವಿಡಿ, ಹಿಂದಿನ ಕಾಲದಲ್ಲಿ ಕುಷ್ಠರೋಗಿಯನ್ನು ಇಟ್ಟಂತೆ ಇಡಿ ಎಂದನು. ಈ ಹೋಲಿಕೆಯನ್ನು ಓದುಗರು ನೆನಪಿನಲ್ಲಿಡಬೇಕು.

ಕೆಲವೇ ದಿನಗಳಲ್ಲಿ ಬಾಯ್ಕಾಟನು, ಗೇಣಿ ಇಳಿಸಬೇಕೆಂದು ಪಟ್ಟುಹಿಡಿದಿದ್ದ ಒಕ್ಕಲುಗಳಿಗೆ ಹೊಲ ಬಿಡಿಸುವ ನೋಟೀಸು ಕಳಿಸಿದನು. ಊರು ತಿರುಗಿಬಿತ್ತು. ಆದರೆ ಅವನನ್ನು ಯಾರೂ ಹೊಡೆಯಲಿಲ್ಲ. ಆಳುಕಾಳುಗಳು ಮನೆ ಬಿಟ್ಟು ಹೋದರು. ಕಮ್ಮಾರನು ಕುದುರೆಗೆ ಲಾಳ ಕಟ್ಟಲೊಲ್ಲನು. ಅಗಸಗಿತ್ತಿ ಬಟ್ಟೆ ಒಯ್ಯಲೊಲ್ಲಳು. ಅಂಗಡಿಯವನು ಸಾಮಾನು ಕೊಡಲೊಲ್ಲನು. ಟಪಾಲು ತರುವ ಹುಡುಗನೂ ನಿಂತುಬಿಟ್ಟನು. ಪೈರು ಹೊಲದಲ್ಲಿಯೇ ಉಳಿಯಿತು. ಬಾಯ್ಕಾಟನು ತನ್ನ ಅವಸ್ಥೆಯನ್ನು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬರೆದುಕೊಂಡನು. ನವೆಂಬರಿನಲ್ಲಿ ಉತ್ತರದ ಪ್ರಾಂತಗಳಿಂದ 50 ಮಂದಿ ಕೆಲಸಗಾರರು ಕುಯಿಲಿಗೆ ಬಂದರು. ಅವರ ಕಾವಲಿಗೆ ಬಂದ ಸೈನಿಕರೂ ಪೋಲೀಸರೂ ಸೇರಿ ಸಾವಿರದಷ್ಟು! ಉಳಿಸಿದ ಬೆಳೆಯ ಬೆಲೆ ಸುಮಾರು 500 ಪೌಂಡು. ಉಳಿಸಲು ತಗಲಿದ ವೆಚ್ಚ ಸುಮಾರು 10,000 ಪೌಂಡು. ನವೆಂಬರ್ ಕೊನೆಯಾಗುತ್ತಲೇ ಬಾಯ್ಕಾಟನು ಆ ಊರನ್ನು ಬಿಟ್ಟನು.

ಈ ಹೊಸ ಆಯುಧಕ್ಕೆ ಏನೆಂದು ಹೆಸರಿಡುವುದು? ಜೇಮ್ಸ್ ರೆಡ್‌ಪಾತ್ ಎಂಬ ಅಮೆರಿಕದ ಪತ್ರಕರ್ತನು ಬರೆದಿಟ್ಟಿರುವಂತೆ, ಈ ಪ್ರಶ್ನೆ ಅವನಿಗೂ ಅಲ್ಲಿಯ ಪಾದ್ರಿ ಜಾನ್ ಒಮ್ಯಾಲಿಗೂ ಊಟದ ಹೊತ್ತಿನಲ್ಲಿ ಬಂದಿತು. ಹೊರಹಾಕುವುದಕ್ಕೆ ಇಂಗ್ಲಿಷಿನಲ್ಲಿ ‘ಆಸ್ಟ್ರಸೈಜ್’ ಎಂಬ ಪದ ಮೊದಲೇ ಇತ್ತು. ಪುರಾತನ ಅಥೆನ್ಸಿನ ಪೌರರು ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಮತ ಹಾಕಿ, ಬೇಡವಾದವನನ್ನು 10 ವರ್ಷ ಊರಿನಿಂದಾಚೆಗೆ ಕಳಿಸುತ್ತಿದ್ದರು. ಗ್ರೀಕಿನ ಆ ಮಡಕೆಚೂರಿನಿಂದ ಬಂದ ಮಾತು ಅದು. ರೈತರಿಗೆ ಅದೆಲ್ಲಿ ಅರ್ಥವಾದೀತು? ಹಾಗಾದರೆ ‘ಬಾಯ್ಕಾಟ್ ಮಾಡುವುದು’ ಎನ್ನೋಣವೆಂದನಂತೆ ಪಾದ್ರಿ. ಕೆಲವೇ ವಾರಗಳಲ್ಲಿ ಅದು ಲಂಡನ್ನಿನ ಪತ್ರಿಕೆಗಳನ್ನು ಸೇರಿತು. ಫ್ರೆಂಚ್, ಜರ್ಮನ್, ರಷ್ಯನ್ ಭಾಷೆಗಳಿಗೂ ಹಬ್ಬಿತು. 1897ರವರೆಗೆ ಬದುಕಿದ್ದ ಆ ಮನುಷ್ಯ ತನ್ನ ಹೆಸರು ಕ್ರಿಯಾಪದವಾದುದನ್ನು ಕಿವಿಯಾರೆ ಕೇಳಿರಬೇಕು.

1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್‌ಹಾಲಿನ ಸಭೆ ವಿದೇಶಿ ವಸ್ತುಗಳ ಬಾಯ್ಕಾಟಿಗೆ ನಿರ್ಣಯ ಮಾಡಿದಾಗ ಈ ಮಾತು ನಮ್ಮ ದೇಶದ ಚರಿತ್ರೆಯನ್ನೂ ಹೊಕ್ಕಿತು. ಕನ್ನಡದಲ್ಲಿ ಅದಕ್ಕೆ ನಾವು ಆರಿಸಿಕೊಂಡ ಪದ ‘ಬಹಿಷ್ಕಾರ’. ಪದವೇನೋ ಒಪ್ಪುತ್ತದೆ; ಆದರೆ ಅದರ ಬೆನ್ನಿಗೆ ಬೇರೊಂದು ಚರಿತ್ರೆ ಅಂಟಿದೆ. ಅಂಬೇಡ್ಕರ್ ಅವರು 1924ರಲ್ಲಿ ‘ಬಹಿಷ್ಕೃತ ಹಿತಕಾರಿಣೀ ಸಭಾ’ವನ್ನು ಸ್ಥಾಪಿಸಿದಾಗಲೂ 1927ರಲ್ಲಿ ‘ಬಹಿಷ್ಕೃತ ಭಾರತ’ ಪತ್ರಿಕೆಯನ್ನು ಹೊರಡಿಸಿದಾಗಲೂ ಆ ಪದ ಸೂಚಿಸಿದ್ದು ಜಮೀನ್ದಾರನ ಪಾರುಪತ್ಯಗಾರನನ್ನಲ್ಲ, ತಲೆತಲಾಂತರದಿಂದ ಊರಾಚೆ ಇರಿಸಲ್ಪಟ್ಟವರನ್ನು. ಉಪಕರಣಗಳು ಅವೇ: ಅಂಗಡಿ, ಕೂಲಿ, ಕ್ಷೌರ, ಬಾವಿಯ ನೀರು. ಮೇಯೊದಲ್ಲಿ ಬಡವರು ಬಲವಂತನಿಗೆ ಮುಚ್ಚಿದ ಬಾಗಿಲನ್ನು ನಮ್ಮ ಊರುಗಳಲ್ಲಿ ಬಲವಂತರು ಬಡವರಿಗೆ ಮುಚ್ಚಿದರು. ಪರಿಶಿಷ್ಟರ ಮೇಲಿನ ದೌರ್ಜನ್ಯವನ್ನು ತಡೆಯುವ 1989ರ ಕಾನೂನಿಗೆ 2015ರಲ್ಲಿ ತಿದ್ದುಪಡಿ ತಂದು ಇಂಥ ಬಹಿಷ್ಕಾರವನ್ನು ಅಪರಾಧವೆಂದು ಹೆಸರಿಸಬೇಕಾಯಿತು.

ಕುಷ್ಠರೋಗಿಯ ಹೋಲಿಕೆಯನ್ನು ನೆನಪಿನಲ್ಲಿಡಿ ಎಂದದ್ದು ಇದಕ್ಕಾಗಿಯೇ. ನಿರಪರಾಧಿಗೆ ಸಮಾಜ ಕೊಡುತ್ತಿದ್ದ ಶಿಕ್ಷೆಯನ್ನೇ ಪಾರ್ನೆಲ್ ದುರ್ಬಲರ ಕೈಗೆ ಆಯುಧವಾಗಿ ಕೊಟ್ಟನು. ಕತ್ತಿ ಒಂದೇ, ಹಿಡಿ ಯಾರ ಕೈಯಲ್ಲಿದೆ ಎಂಬುದನ್ನು ನಿಘಂಟು ಹೇಳಲಾರದು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾವೇ ಕೇಳಿಕೊಳ್ಳಬೇಕು: ಬಾಗಿಲು ಮುಚ್ಚುತ್ತಿರುವವರು ಯಾರು, ಹೊರಗೆ ನಿಂತವರು ಯಾರು?

ಮರುದಿನ ಹುಡುಗರು ತರಗತಿಗೆ ಬಂದರು. ಪಾಠ ಬಿಟ್ಟು ಈ ಕಥೆಯನ್ನೇ ಹೇಳಿದೆ, ಸದ್ದಿಲ್ಲದೆ ಕೇಳಿದರು. ಪರೀಕ್ಷೆ ಮಾತ್ರ ಮುಂದಕ್ಕೆ ಹೋಗಲಿಲ್ಲ.