ನಾದವನ್ನು ಒಯ್ಯದ ಕೇಬಲ್

ನಿಮ್ಮ ಡಿಜಿಟಲ್ ಪಿಯಾನೋದಲ್ಲಿ ಕೊಳಲಿನ ದನಿಯಿಲ್ಲ ಎನ್ನಿ. ಹೊಸ ವಾದ್ಯವನ್ನೇ ಕೊಳ್ಳಬೇಕೆ? ಬೇಕಿಲ್ಲ.

1983ರ ಜನವರಿಯಲ್ಲಿ ಅಮೆರಿಕದ ವಾದ್ಯಮೇಳವೊಂದರಲ್ಲಿ ಅಲ್ಲಿನ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಗಳ ಸಿಂಥಸೈಜರ್‌ಗಳನ್ನು ಕೇಬಲ್‌ನಿಂದ ಜೋಡಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು! ಡೇವ್ ಸ್ಮಿತ್, ಇಕುಟಾರೊ ಕಾಕೆಹಾಶಿ ಮೊದಲಾದವರು ರೂಪಿಸಿದ ಈ ಸಮಾನ ಭಾಷೆಯೇ ಮಿಡಿ.

ಗಮನಿಸಿ: ಕೇಬಲ್‌ನಲ್ಲಿ ಹರಿಯುವುದು ನಾದವಲ್ಲ, ಯಾವ ಕೀಯನ್ನು ಎಷ್ಟು ಬಿರುಸಾಗಿ ಒತ್ತಿದಿರಿ ಎಂಬ ಸಂಕೇತ. ಅದು ಸ್ವರಲಿಪಿಯಿದ್ದಂತೆ, ಹಾಡುವ ಕಂಠ ಬೇರೆ. ಆ ಕಂಠ ಮೊದಲು ಪ್ರತ್ಯೇಕ ಪೆಟ್ಟಿಗೆಯಾಗಿತ್ತು. 1999ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯ ವಿಎಸ್‌ಟಿ 2 ಬಂದ ಮೇಲೆ ಕಂಪ್ಯೂಟರಿನ ತಂತ್ರಾಂಶವೂ ಕಂಠವಾಯಿತು.

ಪೈಪೋಟಿಯ ಕಂಪನಿಗಳು ಈ ಭಾಷೆಗೆ ರಾಯಧನ ಕೇಳಲಿಲ್ಲ. ಆದ್ದರಿಂದಲೇ ಮಿಡಿ ಬಲ್ಲ ಹಳೆಯ ಪಿಯಾನೋ ಇಂದಿಗೂ ಹೊಸ ದನಿ ಪಡೆಯಬಲ್ಲದು.